ಮೇಲ್ಮೇಲಿನ ನೀರು: ಅಘನಾಶಿನಿ ದಂಡೆಯಲ್ಲಿ ಎರಡು ದಿನ

ಕೊಡಪಾನ ಬಾವಿಗಿಳಿದಾಗ ಸದ್ದೇ ಆಗಲಿಲ್ಲ. ಆ ಅಮ್ಮ ಹಗ್ಗವನ್ನು ಗೇಣು ಗೇಣಾಗಿ ಬಿಡುತ್ತಾ ಹೋದರು. ಕೊಡ ನೀರಿಗೆ ತಾಗಿದ ಕೂಡಲೇ ಹಗ್ಗ ಬಿಗಿಹಿಡಿದು ಮಣಿಕಟ್ಟನ್ನು ಸ್ವಲ್ಪ ತಿರುಗಿಸಿದರು. ಕೊಡ ಓರೆಯಾಗಿ ಮೇಲಿನ ನೀರನ್ನಷ್ಟೇ ಕುಡಿಯುತ್ತಾ ತುಂಬಿಕೊಂಡಿತು. ನಮ್ಮ ಕೋಲಾರದ ಬಾವಿಗಳಲ್ಲಿ ನೀರಿದ್ದ ಕಾಲಕ್ಕೆ ಅಜ್ಜಿ ಕೊಡ ಬಿಟ್ಟರೆ ದುಡುಮ್ಮೆಂದು ಬಿದ್ದು, ಮುಳುಗಿ, ಬುಳುಬುಳು ಎನ್ನುತ್ತಿತ್ತು. ಇಷ್ಟು ಹುಷಾರಾಗಿ ನೀರು ಸೇದುವುದನ್ನು ನಾನು ನೋಡಿದ್ದು ಇದೇ ಮೊದಲು.

“ಕೆಳಗೆ ಉಪ್ಪುನೀರು ಅದೆ. ಕಲಕಿದ್ರೆ ಮೇಲೆ ಬರ್ತದೆ. ಮಳೆ ಬೀಳುವವರೆಗೆ ಮೇಲ್ಮೇಲಿಂದೇ ತೆಗೀಬೇಕು,” ಎಂದರು.

ಒಂದು ಲೋಟ ಕುಡಿದೆ. ಸಿಹಿಯಾಗಿತ್ತು. ಬಾವಿಯಿಂದ ಇನ್ನೂರು ಹೆಜ್ಜೆ ನಡೆದರೆ ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಉಪ್ಪುನೀರು.

ಮೇ ಕೊನೆಯ ವಾರ ನಾಲ್ಕು ದಿನದ ರಜೆಗೆಂದು ಕುಮಟಾ ಕಡೆ ಹೋಗಿದ್ದೆ. ಗೋಕರ್ಣದ ಕಡಲತೀರಗಳ ಬಗ್ಗೆ ಹೇಳುವಂಥದ್ದು ನನ್ನಲ್ಲಿ ಏನೂ ಇಲ್ಲ, ಜನಜಂಗುಳಿ ಬಿಟ್ಟರೆ ಬೇರೆ ನೆನಪೇ ಉಳಿದಿಲ್ಲ. ಮಿರ್ಜಾನ್ ಕೋಟೆಯನ್ನು ಬೇಸಿಗೆಯಲ್ಲಿ ನೋಡಬಾರದು, ಮಳೆ ಹಿಡಿದ ಮೇಲೆ ಆ ಕಲ್ಲುಗಳ ಮೇಲೆ ಹಸಿರು ಹತ್ತಿದಾಗ ನೋಡಬೇಕು. ಆದರೆ ತದಡಿಯಿಂದ ದೋಣಿಯಲ್ಲಿ ಅಘನಾಶಿನಿ ಊರಿಗೆ ದಾಟುವ ಆ ಕೆಲವೇ ನಿಮಿಷಗಳಿಗಾಗಿ ಮತ್ತೆ ಹೋದೇನು. ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಕಾಣದೆ ಕಡಲು ಸೇರುವ ನದಿ ಇದು. ಅಳಿವೆಗೆ 2024ರಲ್ಲಿ ರಾಮ್‌ಸರ್ ತಾಣದ, ಅಂದರೆ ಅಂತಾರಾಷ್ಟ್ರೀಯ ಮಹತ್ವದ ಜೌಗು ನೆಲದ, ಮಾನ್ಯತೆಯೂ ಸಿಕ್ಕಿದೆ.

ನಾನು ಅಲ್ಲಿ ನೀರಿನ ಬಗ್ಗೆ ವಿಚಾರಿಸತೊಡಗಿದ್ದು ಉಳಿದುಕೊಂಡಿದ್ದ ಜಾಗದ ದೆಸೆಯಿಂದ. ಕಡಲಿಗೆ ಮುಖ ಮಾಡಿದ ಹೋಂಸ್ಟೇ ಅದು. ‘ಇಪ್ಪತ್ನಾಲ್ಕು ಗಂಟೆ ನೀರು’ ಎಂದು ಬರೆದುಕೊಂಡಿದ್ದರು. ನೀರೇನೋ ಬರುತ್ತಿತ್ತು. ಸೋಪು ಎಷ್ಟು ಉಜ್ಜಿದರೂ ನೊರೆಯಿಲ್ಲ, ಮೈಯೆಲ್ಲ ಅಂಟಂಟು. ಕೂದಲು ಒಣಗಿದ ಮೇಲೆ ತೆಂಗಿನ ನಾರಿನಂತಾಗಿತ್ತು. ರಾತ್ರಿ ಊಟಕ್ಕೆ ಬಡಿಸಿದ ಬೇಳೆ ಬೆಂದಿರಲೇ ಇಲ್ಲ. ಕೇಳಿದರೆ, “ಬೋರ್‌ವೆಲ್ ನೀರು ಸಾರ್, ಬೇಸಿಗೆಯಲ್ಲಿ ಹೀಗೇ,” ಎಂದು ಬಾಟಲಿ ನೀರು ತಂದಿಟ್ಟು ಅದನ್ನು ಬಿಲ್ಲಿಗೆ ಸೇರಿಸಿದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಬೇಸಿಗೆಯಲ್ಲಿ ಕರಾವಳಿಗೆ ಹೋಗುವವರು ಕೋಣೆ ಹಿಡಿಯುವ ಮುನ್ನ ಒಂದು ಮಾತು ಕೇಳಿ: ನೀರು ತೆರೆದ ಬಾವಿಯದೋ ಬೋರ್‌ವೆಲ್ಲಿನದೋ? ಬೋರ್‌ವೆಲ್ ಅಂದರೆ ಎಷ್ಟು ಅಡಿ? ಹೆಚ್ಚು ಅಡಿ ಅಂದಷ್ಟೂ ದೂರ ಇರಿ.

ಇದನ್ನು ಬರೆಯುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ನಾನು ಬೆಳೆದ ಸೀಮೆಯಲ್ಲಿ ಅಡಿ ಅಂದರೆ ಆಸೆ. ನೀರು ಸಿಗಲಿಲ್ಲವೇ, ಇನ್ನೂ ನೂರಡಿ ಇಳಿಸು. ಸಾವಿರ ಅಡಿ ದಾಟಿದ ಬೋರ್‌ವೆಲ್ಲುಗಳ ನಡುವೆ ಬೆಳೆದವನಿಗೆ, ಇಳಿದಷ್ಟೂ ಉಪ್ಪು ಸಿಗುವ ನೆಲವೊಂದಿದೆ ಎಂದು ಅರಗಿಸಿಕೊಳ್ಳಲು ಹೊತ್ತು ಹಿಡಿಯಿತು. ಸಿಹಿನೀರು ಹಗುರ, ಸಮುದ್ರದ ನೀರು ಭಾರ. ನೆಲದಡಿಯಲ್ಲೂ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡೇ ಇರುತ್ತದೆ. ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಅದು ಕೆಳಗೆ ಸುಮಾರು 40 ಅಡಿಯವರೆಗೆ ಉಪ್ಪುನೀರನ್ನು ಅದುಮಿ ಹಿಡಿದಿರುತ್ತದೆ. 19ನೇ ಶತಮಾನದ ಕೊನೆಯಲ್ಲಿ ಡಚ್ ಎಂಜಿನಿಯರ್ ಘೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್ ಬೇರೆ ಬೇರೆಯಾಗಿ ಕಂಡುಕೊಂಡ ಲೆಕ್ಕ ಇದು. ಪಂಪು ಹಾಕಿ ಮೇಲಿನ ಒಂದೇ ಒಂದು ಅಡಿ ಎಳೆದುಬಿಟ್ಟರೆ, ಕೆಳಗಿನ ಉಪ್ಪು ಕಾಲಕ್ರಮದಲ್ಲಿ 40 ಅಡಿ ಮೇಲೇರಬಹುದು. ಸಿಹಿನೀರಿಗೆ ನೂರಕ್ಕೆ ಎರಡು ಮೂರು ಪಾಲು ಸಮುದ್ರದ ನೀರು ಬೆರೆತರೂ ಸಾಕು, ಕುಡಿಯಲು ತಕ್ಕದ್ದಾಗಿ ಉಳಿಯದು. ಆ ಅಮ್ಮ ಈ ಲೆಕ್ಕವನ್ನು ಮಣಿಕಟ್ಟಿನಲ್ಲೇ ಮಾಡುತ್ತಿದ್ದರು.

ಆ ಬಾವಿ ಇನ್ನೂ ಸಿಹಿಯಾಗಿರುವುದು ಯಾಕೆ ಎಂದು ಕೇಳಿದ್ದಕ್ಕೆ ಅವರು ಗಜನಿಯ ಕಡೆ ಕೈ ತೋರಿಸಿದರು. “ಅಲ್ಲಿ ನಮ್ಮನೆಯವರಿದ್ರು, ಅವರ ಹತ್ರ ಕೇಳಿ.”

ಗಜನಿ ಅಂದರೆ ಅಳಿವೆಯ ಪಕ್ಕದ ತಗ್ಗು ಗದ್ದೆಬಯಲು. ಮಾಣಿಕಟ್ಟಾ ಸುತ್ತಮುತ್ತ ಅದು ಕಣ್ಣು ಹಾಯುವವರೆಗೆ ಚಾಚಿದೆ. ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುವುದು ಇಲ್ಲೇ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ. ಒಂದು ಬದಿಗೆ ನದಿ, ನಡುವೆ ಉದ್ದನೆಯ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು.

ಆ ಅಮ್ಮನ ಗಂಡ, ಅಜ್ಜ, ಬಾಗಿಲೊಂದರ ಬಳಿ ಕೂತು ನದಿಯನ್ನೇ ನೋಡುತ್ತಿದ್ದರು. “ಯಾವೂರಾಯ್ತು ನಿಮ್ದು?” ಎಂದರು. ಕೋಲಾರ ಎಂದೆ. “ಚಿನ್ನದ ಊರು. ನೀರಿಲ್ಲ ಅಲ್ದಾ ಅಲ್ಲಿ?” ಹೌದು ಎಂದೆ. “ಇಲ್ಲಿ ನೀರೇ ಎಲ್ಲಾ ಬದಿಗೂ. ಕುಡೀಲಿಕ್ಕೆ ಆಗುದು ಮಾತ್ರ ಸ್ವಲ್ಪ.”

ಭರತ, ಅಂದರೆ ಕಡಲಿನ ಉಬ್ಬರ, ಮುಗಿದು ಇಳಿತ ಶುರುವಾಗಿತ್ತು. ನದಿಯ ಮಟ್ಟ ಒಳಗಿನದಕ್ಕಿಂತ ಕೆಳಗಾದದ್ದೇ ಅವರು ಎದ್ದು, ಕಂಬದ ಕಚ್ಚಿನಲ್ಲಿ ಕೂತಿದ್ದ ಹಲಗೆಗಳನ್ನು ಒಂದೊಂದಾಗಿ ಎತ್ತಿದರು. ಗಜನಿಯಲ್ಲಿ ನಿಂತಿದ್ದ ಕಂದು ನೀರು ಭೋರೆಂದು ಹೊರಗೆ ನುಗ್ಗಿತು.

“ಮಳೆ ಬರುವ ಮುಂಚೆ ಈ ಉಪ್ಪುನೀರೆಲ್ಲಾ ಹೊರಗೆ ಹೋಗ್ಬೇಕು ತಮಾ. ಆಮೇಲೆ ಬಾಗಿಲು ಹಾಕಿ ಕೂತರೆ, ಮಳೆನೀರು ಮಣ್ಣು ತೊಳೀತದೆ. ಗದ್ದೆ ತಣ್ಣಗಾದ್ರೆ ಬಾವಿಯೂ ತಣ್ಣಗೆ.”

“ಉಪ್ಪುನೀರು ಹೊರಗೆ ಹೋಗದಿದ್ದರೆ?”

“ಆಚೆ ಹೋಗಿ ನೋಡು. ಅಲ್ಲಿ ಒಡ್ಡು ಒಡೆದು ಮೂರು ಮಳೆಗಾಲ ಆಯ್ತು. ಗದ್ದೆಯವರು ಬೇರೆ ಬೇರೆ ಊರಲ್ಲಿದ್ರು, ರಿಪೇರಿಗೆ ಯಾರೂ ಬರ್ಲಿಲ್ಲ. ವರ್ಷವಿಡೀ ಭರತದ ನೀರು ಒಳಗೇ. ನಾಕು ಬಾವಿ ಹೋಯ್ತು.”

ಹೋಗಿ ನೋಡಿದೆ. ಚಂದದ ಕೆಂಪುಕಲ್ಲಿನ ಬಾವಿ, ಅಡ್ಡಗಂಬವೂ ಗಟ್ಟಿಯಾಗಿತ್ತು. ರಾಟೆ ಮಾತ್ರ ಯಾರೋ ಬಿಚ್ಚಿಕೊಂಡು ಹೋಗಿದ್ದರು. ಒಳಗೆ ಕಾಲುಭಾಗ ನೀರು ಥಳಥಳ ಹೊಳೆಯುತ್ತಿತ್ತು. ಹತ್ತಿರದ ಮನೆಯ ಅಂಗಳದಲ್ಲಿ ಟ್ಯಾಂಕರ್ ನೀರು ತುಂಬಿಡುವ ನೀಲಿ ಡ್ರಮ್ಮುಗಳು. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಡ್ರಮ್ಮು ನೋಡಿ ಹೊಟ್ಟೆಯಲ್ಲಿ ಸಂಕಟವಾಯಿತು. ಕೋಲಾರದಲ್ಲಿ ನೋಡಿದ್ದರೆ ಆಗುತ್ತಿರಲಿಲ್ಲವೇನೋ.

ಸಿಗಡಿಯ ಮಾತು ಬಂದಾಗ ಅಜ್ಜ ತಕ್ಕಡಿ ಹಿಡಿದವರಂತೆ ಮಾತಾಡಿದರು. ಆರು ತಿಂಗಳು ಸಿಗಡಿ, ಆರು ತಿಂಗಳು ಭತ್ತ ಅಂದರೆ ಅಡ್ಡಿಲ್ಲ, ಮಳೆ ಎಲ್ಲವನ್ನೂ ತೊಳೆಯುತ್ತದೆ. ಭತ್ತ ಬಿಟ್ಟು ಹನ್ನೆರಡು ತಿಂಗಳೂ ಉಪ್ಪುನೀರು ನಿಲ್ಲಿಸಿದರೆ ಅದು ಪಕ್ಕದವರ ಬಾವಿಗೆ ಇಳಿಯದೆ ಎಲ್ಲಿ ಹೋಗಬೇಕು? 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಕೊಳಗಳನ್ನು ತೆರವು ಮಾಡಿಸಲು ಹೇಳಿದಾಗ, ಕುಡಿಯುವ ನೀರಿನ ಬಾವಿಗಳು ಉಪ್ಪಾದದ್ದೂ ಒಂದು ಕಾರಣವಾಗಿತ್ತು. ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತ್ತು. ಅಜ್ಜ ಕೋರ್ಟಿನ ಹೆಸರೆತ್ತಲಿಲ್ಲ, ಆದರೆ ಹೇಳಿದ್ದು ಹೆಚ್ಚುಕಡಿಮೆ ಅದೇ ವಿವೇಚನೆಯನ್ನು.

ಮೇಲಕ್ಕೆ ಹೋದರೆ ಹಳ್ಳಗಳಿಗೆ ಕಿಂಡಿ ಅಣೆಕಟ್ಟುಗಳಿವೆ. ಮಳೆಗಾಲ ಮುಗಿದ ಮೇಲೆ ಅವಕ್ಕೂ ಹಲಗೆ ಹಾಕುತ್ತಾರೆ. ಸಿಹಿನೀರು ಮೇಲ್ಗಡೆ ನಿಂತು ಸುತ್ತಲಿನ ನೆಲಕ್ಕೆ ಇಂಗುತ್ತದೆ, ಭರತದ ನೀರು ಹಳ್ಳಕ್ಕೆ ಏರದು. ಹೊತ್ತಿಗೆ ಸರಿಯಾಗಿ ಹಲಗೆ ಹಾಕದ ವರ್ಷ ಅಣೆಕಟ್ಟು ಇದ್ದೂ ಇಲ್ಲದಂತೆ. ಕಾಂಕ್ರೀಟಿಗೆ ಹಣ ಬರುತ್ತದೆ, ಹಲಗೆ ಹಾಕುವ ಕೈಗೆ ಬರುವುದಿಲ್ಲ ಎಂಬುದು ಅಜ್ಜನ ದೂರು. ನನಗೂ ಅದು ನ್ಯಾಯವೆನಿಸಿತು.

ರಾತ್ರಿ ಎಂಟರ ಹೊತ್ತಿಗೆ ಭರತ ತಿರುಗಿತು. ಹುಣ್ಣಿಮೆಯ ಮರುದಿನ, ನೀರು ದೊಡ್ಡದಾಗಿ ಏರುವ ಕಾಲ. ಅಜ್ಜ ಹಲಗೆಗಳನ್ನು ಒಂದರ ಮೇಲೊಂದು ಕಂಬದ ಕಚ್ಚಿಗೆ ಇಳಿಸಿದರು. ನಾನು ಟಾರ್ಚ್ ಹಿಡಿದಿದ್ದೆ. “ಬೆಳಕು ಬೇಡ,” ಎಂದು ಹಲಗೆಗೆ ಕಿವಿ ಹಚ್ಚಿ ಕೂತರು. ಎಲ್ಲೋ ಒಂದು ಕಡೆ ಸುಯ್ ಎಂದು ಸಣ್ಣ ಸದ್ದು. ಅಂಟುಮಣ್ಣಿನ ಉಂಡೆಯೊಂದನ್ನು ಆ ಸಂದಿಗೆ ಒತ್ತಿ, ಹೆಬ್ಬೆರಳಿನಿಂದ ತಿಕ್ಕಿ, ಮತ್ತೆ ಕಿವಿ ಹಚ್ಚಿದರು. ಸದ್ದು ನಿಂತಿತ್ತು.

ಮತ್ತೆ ತೆಗೆಯುವುದು ಯಾವಾಗ ಎಂದು ಕೇಳಿದೆ.

“ಬೆಳಗಿನ ಜಾವ ನಾಲ್ಕೂವರೆಗೆ. ನಾಳೆಯಿಂದ ದಿನಾ ಮುಕ್ಕಾಲು ಗಂಟೆ ಮುಂದೆ ಹೋಗ್ತದೆ,” ಎಂದು ಕೈಯ ಮಣ್ಣನ್ನು ನದಿಯ ನೀರಲ್ಲೇ ತೊಳೆದುಕೊಂಡು, ಒಡ್ಡಿನ ಮೇಲೆ ಮನೆ ಕಡೆ ನಡೆದರು.