ಪುಟ್ಟಿಯ ಎಡಗೈ

ದಾವಣಗೆರೆ, ನವೆಂಬರ್ 17, 2024, ಭಾನುವಾರ

ಬೆಳಗ್ಗೆನೇ ನಾದಿನಿಯ ಫೋನ್. ಬೆಂಗಳೂರಿನಲ್ಲಿ ಎಲ್ಲೋ ಮಕ್ಕಳನ್ನು ಆಕ್ಸಿಜನ್ ಚೇಂಬರಿನಲ್ಲಿ, ಅಂದರೆ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಮುಚ್ಚಿದ ಕೋಣೆಯಲ್ಲಿ, ಕೂರಿಸುತ್ತಾರಂತೆ. ನಲವತ್ತು ಸಲ ಕೂತರೆ ಕೈಕಾಲಿನ ಬಿಗಿತ ಹೋಗುತ್ತದಂತೆ. "ಅತ್ತಿಗೆ, ಸಾಲ ಮಾಡಿಯಾದ್ರೂ ಒಂದ್ಸಲ ನೋಡ್ರಿ" ಅಂದಳು. ನನ್ನ ಮಗಳು ಪುಟ್ಟಿಗೆ ಸೆರೆಬ್ರಲ್ ಪಾಲ್ಸಿ (ಸಿ.ಪಿ.), ಚಿಕ್ಕಂದಿನಲ್ಲೇ ಮೆದುಳಿಗೆ ಆದ ಪೆಟ್ಟಿನಿಂದ ಕೈಕಾಲಿನ ಹಿಡಿತ ತಪ್ಪುವ ತೊಂದರೆ. ಅವಳೆಂದರೆ ನಾದಿನಿಗೂ ಜೀವ. ಆದರೂ ಬೇಡ ಅಂದೆ.

ಎರಡು ವರ್ಷದ ಹಿಂದೆ ನನಗೂ ಇದೇ ಆಸೆ ಹತ್ತಿತ್ತು. ಒಡವೆ ಅಡ ಇಡೋಕೂ ತಯಾರಾಗಿದ್ದೆ. ಫಿಸಿಯೋ ಮೇಡಂ ಕೂರಿಸಿಕೊಂಡು ಹೇಳಿದರು. ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿ ಇರುವ 111 ಮಕ್ಕಳಿಗೆ ಇದನ್ನು ಕೊಟ್ಟು ನೋಡಿದ್ದಾರೆ. ಫಲಿತಾಂಶ ಬಂದಿದ್ದು 2001ರಲ್ಲಿ. ಒಂದು ಗುಂಪಿಗೆ ಜಾಸ್ತಿ ಒತ್ತಡದಲ್ಲಿ ಶುದ್ಧ ಆಕ್ಸಿಜನ್, ಇನ್ನೊಂದಕ್ಕೆ ಸ್ವಲ್ಪವೇ ಒತ್ತಡದಲ್ಲಿ ಬರೀ ಗಾಳಿ. ಎರಡೂ ಗುಂಪಿನ ಮಕ್ಕಳು ಒಂದೇ ಸಮ ಸುಧಾರಿಸಿದರು. ಆಕ್ಸಿಜನ್ ತಗೊಂಡವರಿಗೆ ಕಿವಿಯ ತೊಂದರೆ ಮಾತ್ರ ಜಾಸ್ತಿ ಆಯಿತು. ಬರೀ ಗಾಳಿಯಲ್ಲೂ ಅಷ್ಟೇ ಆಗುವುದಾದರೆ ಆಕ್ಸಿಜನ್‌ಗೆ ಅಂತ ಯಾಕೆ ದುಡ್ಡು ಸುರಿಯಬೇಕು, ಅಲ್ವಾ? ನಾದಿನಿಗೂ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಅತ್ತೆಯ ಎಣ್ಣೆಗೆ ಮಾತ್ರ ನಾನು ಯಾವತ್ತೂ ಬೇಡ ಅಂದಿಲ್ಲ. ಎಳ್ಳೆಣ್ಣೆ ಬೆಚ್ಚಗೆ ಮಾಡಿ, ಮೊದಲು ತಮ್ಮ ಕೈಗೇ ಹಚ್ಚಿಕೊಂಡು ಬಿಸಿ ನೋಡುತ್ತಾರೆ. ಪುಟ್ಟಿಯ ಎಡ ಹೆಬ್ಬೆರಳು ಯಾವಾಗಲೂ ಮುಷ್ಟಿಯೊಳಗೆ ಅಡಗಿರುತ್ತದೆ. ಅದನ್ನು ಎಳೆಯುವುದಿಲ್ಲ. ಬುಡದಲ್ಲಿ ಸವರುತ್ತಾ ಕೂರುತ್ತಾರೆ, ತಾನಾಗೇ ಸಡಿಲ ಆಗುವ ತನಕ. ಹಿಂದೊಮ್ಮೆ ಊರ ಹತ್ತಿರ ನರ ಬಿಡಿಸುತ್ತೇನೆ ಅಂತ ಒಬ್ಬರು ಜಗ್ಗಿದ್ದರು. ಮಗು ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಕರೆದುಕೊಂಡು ಹೋದವಳು ನಾನೇ.

ಎಣ್ಣೆಯಿಂದ ಸಿ.ಪಿ. ವಾಸಿಯಾಗುವುದಿಲ್ಲ, ಅದು ಅತ್ತೆಗೂ ಗೊತ್ತು. ಆದರೆ ಪುಟ್ಟಿಗೆ ಹಾಯೆನಿಸುತ್ತದೆ, ರಾತ್ರಿ ಚೆನ್ನಾಗಿ ಮಲಗುತ್ತಾಳೆ. ನನಗೆ ಅಷ್ಟು ಸಾಕು.

ಕೈ ಕಲಿಯುವುದು ಕೆಲಸದಿಂದಲೇ. ಫಿಸಿಯೋ ಮೇಡಂ ಹೇಳಿಕೊಟ್ಟ ಹಾಗೆ, ಚೆನ್ನಾಗಿರುವ ಬಲಗೈಗೆ ಸ್ವಲ್ಪ ಹೊತ್ತು ಗ್ಲೌಸ್ ಹಾಕಿ, ಎಡಗೈಯಲ್ಲೇ ಆಟ ಆಡಿಸುತ್ತೇವೆ. ಇದು ನಾಲ್ಕನೇ ವಾರ. ಮೊದಲ ವಾರ ಬರೀ ಅಳು, ಗ್ಲೌಸ್ ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದಳು. ಇವತ್ತು ತಟ್ಟೆಯಲ್ಲಿ ಮಂಡಕ್ಕಿ ಹರಡಿದೆ. ಅಂಗೈಯಿಂದ ಒತ್ತಿದಳು, ಒಂದೆರಡು ಅಂಟಿಕೊಂಡವು, ಉದುರಿದವು. ಮತ್ತೆ ಒತ್ತಿದಳು. ಆಮೇಲೆ ಹೆಬ್ಬೆರಳು ಹೊರಗೆ ಬಂತು. ಒಂದೇ ಒಂದು ಕಾಳು ಹಿಡಿದಳು, ಬಾಯಿಯ ತನಕ ತಂದಳು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪುಟ್ಟಿ ಇನ್ನಷ್ಟು ಹಾಕು ಅಂತ ತಟ್ಟೆ ನನ್ನ ಕಡೆ ತಳ್ಳಿದಳು. ಎಡಗೈಯಲ್ಲೇ.