ನಲವತ್ತನಾಲ್ಕು ಬಾಕ್ಸಿನ ಗಾಡಿ

ನಮ್ಮನೆ ಟಿವಿ ಸ್ಟ್ಯಾಂಡಿನ ಕೆಳಗೆ ಒಂದು ಉದ್ದನೆಯ ನೋಟ್‌ಬುಕ್ ಇದೆ. ಮಗಳು ಏಳನೇ ಕ್ಲಾಸಿನಲ್ಲಿ ಅರ್ಧ ಬರೆದು ಬಿಟ್ಟಿದ್ದು. ಅದನ್ನು ತಿರುವಿ ಹಿಂದಿನ ಪುಟದಿಂದ ನಾನು ಟೊಮ್ಯಾಟೊ ಲೆಕ್ಕ ಬರೆಯುತ್ತೇನೆ: ತಾರೀಖು, ಎಷ್ಟು ಬಾಕ್ಸು, ಮಂಡಿಯಲ್ಲಿ ಎಷ್ಟಕ್ಕೆ ಹೋಯಿತು, ಕೂಲಿ ಎಷ್ಟು, ಗಾಡಿ ಬಾಡಿಗೆ ಎಷ್ಟು. ಕಳೆದ ಸೆಪ್ಟೆಂಬರಿನಲ್ಲಿ ಸ್ವಂತ ಗಾಡಿಯ ಮಾತು ಬಂದಾಗ ನಮ್ಮನೆಯವರು ಷೋರೂಮಿಗೆ ಹೋದರು. ನಾನು ಆ ನೋಟ್‌ಬುಕ್ ತೆಗೆದು ಕೂತೆ.

ಅವರಿಗೆ ಬೇಕಿದ್ದದ್ದು ಬೊಲೆರೊ ಪಿಕಪ್. ಅದೂ 1.7 ಟನ್ನಿನದ್ದು. ನನ್ನ ಕಣ್ಣು ಇದ್ದದ್ದು ಟಾಟಾ ಏಸ್ ಮೇಲೆ. ನಮ್ಮೂರಲ್ಲಿ ಅದನ್ನು ಏಸ್ ಅನ್ನುವವರು ಯಾರೂ ಇಲ್ಲ, ಎಲ್ಲರಿಗೂ ಅದು 'ಟಾಟಾ ಎಸಿ'. ಹೊಸದಾಗಿ ಮದುವೆಯಾಗಿ ಬಂದ ನನ್ನ ಓರಗಿತ್ತಿ ಒಂದು ಸಲ ಬೇಸಿಗೆಯಲ್ಲಿ ಅದರೊಳಗೆ ಕೂತು, "ಅಕ್ಕಾ, ಇದರಲ್ಲಿ ಎಸಿ ಎಲ್ಲೈತೆ?" ಅಂತ ಕೇಳಿ ಇಡೀ ಬೀದಿಗೆ ನಗೆಪಾಟಲಾಗಿದ್ದಳು. 2005ರಲ್ಲಿ ಈ ಗಾಡಿ ಬಂದ ಮೇಲೆ ನಮ್ಮ ಕಡೆ ಲಗೇಜ್ ಆಟೋದವರು ಎಷ್ಟೋ ಜನ ನಾಲ್ಕು ಚಕ್ರಕ್ಕೆ ಬಡ್ತಿ ಪಡೆದರು. ನಮ್ಮ ಮಾವನವರಿಗೆ ಮಾತ್ರ ಇವತ್ತಿಗೂ ಅದು 'ಮರಿಲಾರಿ'.

ಬಾಕ್ಸಿನ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಕೋಲಾರ ಮಾರುಕಟ್ಟೆಯಲ್ಲಿ ಟೊಮ್ಯಾಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. ಪ್ಲಾಸ್ಟಿಕ್ ಕ್ರೇಟಿನ ತೂಕವನ್ನೂ ಸೇರಿಸಿದರೆ ಗಾಡಿಯ ಮೇಲೆ ಬೀಳುವ ಭಾರ ಹತ್ತಿರ ಹತ್ತಿರ 17 ಕೆಜಿ. ಈ ಎರಡು ಕೆಜಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಏಸ್ ಹೊರಬಹುದಾದ ಭಾರ 750 ಕೆಜಿ. ಹದಿನೇಳರಿಂದ ಭಾಗಿಸಿದರೆ ನಲವತ್ತನಾಲ್ಕು ಬಾಕ್ಸು, ಅಷ್ಟೇ. ಬೊಲೆರೊ 1,700 ಕೆಜಿ ಹೊರುತ್ತೆ, ಅಂದರೆ ಸರಿಯಾಗಿ ನೂರು.

ಈಗ ನೋಟ್‌ಬುಕ್ಕಿಗೆ ಬರೋಣ. ಹಿಂದಿನ ವರ್ಷ ನಮ್ಮ ಹೊಲದಿಂದ ಮಂಡಿಗೆ 74 ಲೋಡು ಹೋಗಿದೆ. ಅದರಲ್ಲಿ 41 ಲೋಡು ನಲವತ್ತನಾಲ್ಕು ಬಾಕ್ಸಿನ ಒಳಗೆ. ಮೂವತ್ತು ಲೋಡು ಅದಕ್ಕಿಂತ ಮೇಲೆ, ನೂರರ ಒಳಗೆ. ಮೂರು ದಿನ ನೂರೂ ದಾಟಿತ್ತು, ಆವತ್ತು ಬೊಲೆರೊಗೂ ಆಗುತ್ತಿರಲಿಲ್ಲ. ಒಟ್ಟು 3,428 ಬಾಕ್ಸು. ಬಾಕ್ಸಿಗೆ ಹನ್ನೆರಡು ರೂಪಾಯಿಯಂತೆ ಕೊಟ್ಟ ಬಾಡಿಗೆ 41,136 ರೂಪಾಯಿ.

ಯಜಮಾನರು ಕ್ಯಾಲ್ಕುಲೇಟರ್ ಒತ್ತಿ, "ನೋಡು, ಸರಾಸರಿನೇ 46 ಬಂತು. ನಿನ್ನ ಗಾಡಿ ಸರಾಸರಿಗೂ ಸಾಲಲ್ಲ" ಅಂದರು. ಆದರೆ ಟೊಮ್ಯಾಟೊ ತೋಟದಲ್ಲಿ ಸರಾಸರಿ ಅನ್ನೋ ದಿನವೇ ಬರುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಕಾಯಿ ಬಿಡಿಸುತ್ತೇವೆ. ಮೊದಲ ಬಿಡಿಸುವಿಕೆಯಲ್ಲಿ ಹದಿನೈದು ಇಪ್ಪತ್ತು ಬಾಕ್ಸು, ನಡುವೆ ಒಂದು ಮೂರು ವಾರ ಕೈಗೆ ಬಿಡುವಿಲ್ಲದಷ್ಟು, ಆಮೇಲೆ ಗಿಡ ಸೋತು ಮತ್ತೆ ಇಪ್ಪತ್ತು. 28 ಇರುತ್ತೆ, ಇಲ್ಲಾಂದ್ರೆ 65 ಇರುತ್ತೆ. ನಾನು ಹುಡುಕಿದೆ, ಇಡೀ ವರ್ಷದಲ್ಲಿ ಸರಿಯಾಗಿ 46 ಬಾಕ್ಸಿನ ಲೋಡು ಒಂದೂ ಇರಲಿಲ್ಲ.

ನಿಜ ಹೇಳಬೇಕೆಂದರೆ ಈ ಲೆಕ್ಕದ ಪ್ರಕಾರ ನಮಗೆ ಯಾವ ಗಾಡಿಯೂ ಬೇಕಾಗಿರಲಿಲ್ಲ. ಏಸ್‌ಗೆ ನಾಲ್ಕು ಲಕ್ಷ ಸಾಲ ತೆಗೆದರೆ ನಾಲ್ಕು ವರ್ಷ, ತಿಂಗಳಿಗೆ 10,340 ಕಂತು. ವರ್ಷಕ್ಕೆ ಲಕ್ಷದ ಇಪ್ಪತ್ತನಾಲ್ಕು ಸಾವಿರ. ಕೊಡುತ್ತಿದ್ದ ಬಾಡಿಗೆ ನಲವತ್ತೊಂದು ಸಾವಿರ. ಗಾಡಿ ಬೇಕು ಅನ್ನಿಸಿದ್ದು ದುಡ್ಡಿಗಲ್ಲ, ಹೊತ್ತಿಗೆ. ಸಂಜೆ ಏಳಕ್ಕೆ ಬರುತ್ತೇನೆ ಅಂದ ಬಾಡಿಗೆ ಗಾಡಿ ರಾತ್ರಿ ಹನ್ನೊಂದೂವರೆಗೆ ಬರುತ್ತೆ. ಅಷ್ಟರಲ್ಲಿ ಇನ್ನೆರಡು ತೋಟದ ಬಾಕ್ಸು ಅದರಲ್ಲಿರುತ್ತೆ, ನಮ್ಮದು ಮೇಲಿನ ಅಟ್ಟಕ್ಕೆ. ಮಂಡಿ ಸೇರುವುದು ತಡವಾದರೆ ನಮ್ಮ ರಾಶಿ ಕೊನೆಗೆ ಬೀಳುತ್ತೆ, ಖರೀದಿದಾರರು ಅಷ್ಟೊತ್ತಿಗೆ ತಮಗೆ ಬೇಕಾದಷ್ಟು ತಗೊಂಡಿರುತ್ತಾರೆ. ಆ ನಷ್ಟಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇಲ್ಲ.

ಹೀಗೆ ಗಾಡಿ ಬೇಕೇ ಬೇಕು ಅಂತಾಯಿತು. ಯಾವುದು ಅನ್ನೋದಕ್ಕೆ ಮೂರು ವಾರ ಜಗಳ.

ಬೊಲೆರೊ ಪಕ್ಷದ ವಾದ ಹಗುರವಾದದ್ದೇನಲ್ಲ. ನಾಲ್ಕು ಸಿಲಿಂಡರಿನ 2,523 ಸಿಸಿ ಡೀಸೆಲ್ ಎಂಜಿನ್, ಎದುರಿಗೆ ಪೆಟ್ರೋಲ್ ಏಸ್‌ನ ಎರಡು ಸಿಲಿಂಡರು, 694 ಸಿಸಿ. ನಮ್ಮ ಹೊಲದಿಂದ ಟಾರು ರಸ್ತೆಗೆ ಬರಲು ಕೆರೆ ಕಟ್ಟೆ ಹತ್ತಬೇಕು. ಮಳೆಗಾಲದಲ್ಲಿ ಅದು ಮಣ್ಣಿನ ಜಾರುಬಂಡೆ. ಲೋಡು ತುಂಬುವ ತೊಟ್ಟಿಯ ಉದ್ದ ಏಸ್‌ಗೆ ಏಳಡಿ ಚಿಲ್ಲರೆ, ಬೊಲೆರೊಗೆ ಸುಮಾರು ಒಂಬತ್ತಡಿ, ಟೊಮ್ಯಾಟೊಗೆ ನೆಡುವ ನೀಲಗಿರಿ ಕಡ್ಡಿಯ ಕಟ್ಟು ಆರಾಮಾಗಿ ಮಲಗುತ್ತೆ. ಇನ್ನೊಂದು ವಾದವನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಮನೆ ಮುಂದೆ ಬೊಲೆರೊ ನಿಂತರೆ ಅದರ ಗತ್ತೇ ಬೇರೆ.

ಆ ಗತ್ತಿಗೆ ನಮ್ಮೂರು ಬೆಲೆ ಕೊಟ್ಟಿದ್ದು 2023ರ ಜುಲೈಯಲ್ಲಿ. ಹದಿನೈದು ಕೆಜಿ ಬಾಕ್ಸು ಎರಡು ಸಾವಿರ ದಾಟಿದ ಕಾಲ ಅದು. ಹಿರಿಯೂರು ಕಡೆಯಿಂದ ಕೋಲಾರಕ್ಕೆ ಬರುತ್ತಿದ್ದ ಟೊಮ್ಯಾಟೊ ತುಂಬಿದ ಬೊಲೆರೊವನ್ನೇ ಬೆಂಗಳೂರಿನಲ್ಲಿ ಅಡ್ಡಗಟ್ಟಿ ಹೊತ್ತೊಯ್ದಿದ್ದರು, ಪೇಪರಿನಲ್ಲೆಲ್ಲ ಬಂದಿತ್ತು. ಆ ವರ್ಷ ಕೈಗೆ ದುಡ್ಡು ಹತ್ತಿದವರು ನಮ್ಮ ಬೀದಿಯೊಂದರಲ್ಲೇ ಮೂರು ದೊಡ್ಡ ಪಿಕಪ್ ಇಳಿಸಿದರು. ರೇಟು ಬಿತ್ತು. ಕಂತು ಬೀಳಲಿಲ್ಲ. ಮೂವರಲ್ಲಿ ಒಬ್ಬರು ನಮಗೆ ದಾಯಾದಿ ಭಾವ. ಮೊದಲು ಒಳ್ಳೆ ಬೇಸಾಯಗಾರ, ಕ್ಯಾಪ್ಸಿಕಂ ಬೆಳೆಯಲ್ಲಿ ಅವರನ್ನೇ ಕೇಳಬೇಕಿತ್ತು. ಈಗ ರಾತ್ರಿ ಮಂಡಿ ಲೋಡು, ಬೆಳಿಗ್ಗೆ ವಾಪಸ್ ಬರುವಾಗ ಸಿಮೆಂಟು, ಮಧ್ಯಾಹ್ನ ಶಾಮಿಯಾನದ ಕುರ್ಚಿ. ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟುಬಿಟ್ಟಿದ್ದಾರೆ.

ನಾನು ಹೆದರಿದ್ದು ಅದಕ್ಕೆ. ಎಂಟು ಲಕ್ಷ ಸಾಲ, ಐದು ವರ್ಷ, ತಿಂಗಳಿಗೆ 17,394. ವರ್ಷಕ್ಕೆ ಎರಡು ಲಕ್ಷದ ಎಂಟು ಸಾವಿರ. ನಮ್ಮ ಬಾಡಿಗೆ ಉಳಿತಾಯ ಕಳೆದರೂ ಬಾಕಿ ತುಂಬಲು ಊರವರ ಸುಮಾರು ಹದಿನಾಲ್ಕು ಸಾವಿರ ಬಾಕ್ಸು ಹೊರಬೇಕು, ಡೀಸೆಲ್ ಬಿಟ್ಟು. ಅಂದರೆ ನಮ್ಮ ತೋಟದ ನಾಲ್ಕರಷ್ಟು. "ಹೊರೋಣ ಬಿಡು" ಅಂದರು. ಯಾರು ಹೊರೋದು? ಡ್ರಿಪ್ಪಿನ ಪೈಪು ಕಟ್ಟಿಕೊಂಡರೆ ಯಾರು ನೋಡೋದು? ಏಸ್ ತಂದರೆ ನಾವು ಗಾಡಿ ಇರೋ ರೈತರು. ಬೊಲೆರೊ ತಂದರೆ ಹೊಲ ಇರೋ ಡ್ರೈವರು. ಇದನ್ನು ಹೀಗೇ ಹೇಳಿದೆ, ಎರಡು ದಿನ ನನ್ನ ಜೊತೆ ಮಾತಿಲ್ಲ.

ಮಾವನವರು ಅಷ್ಟು ದಿನ ಸುಮ್ಮನಿದ್ದವರು ಒಂದು ಸಂಜೆ ಬಾಯಿ ತೆರೆದರು. ಅವರು ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಬದನೆಕಾಯಿ ಹೊಡೆದವರು. "ಗಾಡಿ ದೊಡ್ಡದಾ ಚಿಕ್ಕದಾ ಅಂತ ಕೇಳ್‌ಬೇಡ್ರಪ್ಪ, ಅದರ ಹೊಟ್ಟೆ ತುಂಬ್ತದಾ ಅಂತ ಕೇಳ್ರಿ. ಅರೆಹೊಟ್ಟೆ ಗಾಡಿ ಕುಣೀತದೆ" ಅಂದರು. ನನಗೆ ತಟ್ಟನೆ ನೆನಪಾಗಿದ್ದು ನೋಟ್‌ಬುಕ್ಕಿನಲ್ಲಿದ್ದ ಒಂದು ಟಿಪ್ಪಣಿ. ಹಿಂದಿನ ವರ್ಷದ ಮಾರ್ಚಿನಲ್ಲಿ 22 ಬಾಕ್ಸನ್ನು ಒಂದು ದೊಡ್ಡ ಬಾಡಿಗೆ ಗಾಡಿಯಲ್ಲಿ ಕಳಿಸಿದ್ದೆವು, ಅದರಲ್ಲಿ ಬೇರೆ ಲೋಡು ಇರಲಿಲ್ಲ. ಮಂಡಿಯಲ್ಲಿ ಕಾಯಿ ಪೆಟ್ಟು ತಿಂದಿದೆ ಅಂತ ರೇಟು ಇಳಿಸಿದ್ದರು. ಕಾರಣ ಸರಳ. ಒಂದೂಮುಕ್ಕಾಲು ಟನ್ ಹೊರಲೆಂದು ಕಟ್ಟಿದ ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ನಾನೂರು ಕೆಜಿಗೆ ಬಗ್ಗುವುದೇ ಇಲ್ಲ. ಬಗ್ಗದ ಸ್ಪ್ರಿಂಗು ಗುಂಡಿಯ ಏಟನ್ನು ನೇರ ಬಾಕ್ಸಿಗೆ ದಾಟಿಸುತ್ತೆ. ಹಣ್ಣು ತಿರುಗಿದ ಕಾಯಿಗೆ ಹತ್ತೊಂಬತ್ತು ಕಿಲೋಮೀಟರು ಆ ಕುಣಿತ ಸಾಕು. ನಮ್ಮ 41 ಲೋಡುಗಳೂ ಅಂಥವೇ.

ಮಾವನವರು ಇನ್ನೊಂದು ಮಾತನ್ನೂ ಹೇಳಿದ್ದರು, ಅದನ್ನು ಆವತ್ತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ: "ಚಿಕ್ಕದು ತಂದ್ರೆ ಹಿಂಭಾರ ಮಾಡ್‌ಬೇಡ್ರಿ." ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತೆ.

ಕಾಗದಪತ್ರದ ವಿಷಯದಲ್ಲಿ ಅಂದುಕೊಂಡಷ್ಟು ವ್ಯತ್ಯಾಸ ಇರಲಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಎರಡಕ್ಕೂ ಒಂದೇ, 7,500 ಕೆಜಿ ಒಳಗಿನ ಗೂಡ್ಸ್ ಗಾಡಿಗಳೆಲ್ಲ ಒಂದೇ ದರದವು, ಹದಿನಾರು ಸಾವಿರ ಚಿಲ್ಲರೆ. ನಾನು ಏಸ್‌ಗೆ ಕಡಿಮೆ ಇರುತ್ತೆ ಅಂತ ವಾದ ಮಾಡಿ ಅಲ್ಲಿ ಸೋತೆ. ಎಫ್‌ಸಿ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನೋ ಸರ್ಟಿಫಿಕೇಟು, ಅದೂ ಎರಡಕ್ಕೂ ಮೊದಲ ಎಂಟು ವರ್ಷ ಎರಡೆರಡು ವರ್ಷಕ್ಕೆ, ಆಮೇಲೆ ಪ್ರತಿ ವರ್ಷ. ಗೆದ್ದದ್ದು ಪರ್ಮಿಟ್ಟಿನಲ್ಲಿ. ಲೋಡು ಸೇರಿ ಒಟ್ಟು ತೂಕ 3,000 ಕೆಜಿ ದಾಟದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಏಸ್ ಅದರ ಅರ್ಧದ ಆಸುಪಾಸು, 1.7 ಟನ್ನಿನ ಬೊಲೆರೊ ಮೂರು ಸಾವಿರ ದಾಟುತ್ತೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದ್ದರಿಂದ ಎರಡರ ಬೆಲೆಯೂ ಇಳಿಯಿತು, ಇಳಿದದ್ದು ಬೊಲೆರೊದ್ದೇ ಜಾಸ್ತಿ. ಅದನ್ನು ಯಜಮಾನರು ದಿನಕ್ಕೆರಡು ಸಲ ಜ್ಞಾಪಿಸುತ್ತಿದ್ದರು.

ಕೊನೆಗೆ ತಕ್ಕಡಿ ವಾಲಿದ್ದು ನನ್ನ ಲೈಸೆನ್ಸಿನಿಂದ. ತವರಿನಲ್ಲಿ ಕಾರು ಕಲಿತು ಎಲ್‌ಎಂವಿ, ಅಂದರೆ ಹಗುರ ಗಾಡಿಯ ಲೈಸೆನ್ಸ್, ಮಾಡಿಸಿದ್ದೆ, ಹನ್ನೆರಡು ವರ್ಷ ಬೀರುವಿನಲ್ಲಿತ್ತು. ಹಳದಿ ಬೋರ್ಡಿನ ಗಾಡಿ ಓಡಿಸಲು ಬೇರೆಯದೇ ಲೈಸೆನ್ಸ್ ಬೇಕು ಅಂತ ಊರಲ್ಲೆಲ್ಲ ನಂಬಿಕೆ. ಆದರೆ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಟ್ರಾನ್ಸ್‌ಪೋರ್ಟ್ ಗಾಡಿ ಓಡಿಸಬಹುದು ಅಂತ ಹೇಳಿಬಿಟ್ಟಿದೆ. ಕಾನೂನಿನ ಪ್ರಕಾರ ನಾನು ಬೊಲೆರೊವನ್ನೂ ಓಡಿಸಬಹುದು. ಆದರೆ ನಮ್ಮ ಬೀದಿಯ ತಿರುವಿನಲ್ಲಿ ಒಂದು ಕಡೆ ನೀರಿನ ತೊಟ್ಟಿ, ಇನ್ನೊಂದು ಕಡೆ ಅರಳಿಕಟ್ಟೆ. ದಾಯಾದಿ ಭಾವನ ಗಾಡಿ ಅಲ್ಲಿ ಮೂರು ಸಲ ಹಿಂದೆ ಮುಂದೆ ಮಾಡುವುದನ್ನು ದಿನಾ ನೋಡುತ್ತೇನೆ. ಏಸ್ ಒಂದೇ ಸುತ್ತಿಗೆ ತಿರುಗುತ್ತೆ. "ಗಾಡಿ ನಾನು ಓಡಿಸ್ತೀನಿ, ನೀವು ತೋಟದಲ್ಲೇ ಇರಿ" ಅಂದೆ. ಮೊದಲು ನಕ್ಕರು. ಆಮೇಲೆ ಯೋಚಿಸಿದರು. ಆಯುಧಪೂಜೆಗೆ ಏಸ್ ಬಂತು, ಬಿಳಿಯದು. ಕುಂಬಳಕಾಯಿ ಒಡೆದ ಮೇಲೆ ಮಾವನವರು ಚಕ್ರಕ್ಕೆ ಕಾಲಲ್ಲಿ ಮೆಲ್ಲಗೆ ಒದ್ದು, "ಮರಿ ಚೆನ್ನಾಗೈತೆ" ಅಂದರು.

ಮಂಡಿಗೆ ಮೊದಲ ದಿನ 31 ಬಾಕ್ಸು ತಗೊಂಡು ಹೋದಾಗ ಹಮಾಲಿಗಳು ಡ್ರೈವರನ್ನು ಹುಡುಕುತ್ತಿದ್ದರು. "ಅಮ್ಮಾ, ಗಾಡಿ ಹಿಂದಕ್ಕೆ ಹಾಕೋಕೆ ಹೇಳಿ" ಅಂತ ನನಗೇ ಹೇಳಿದರು. ಹಾಕಿದೆ. ಈಗ ಅಭ್ಯಾಸವಾಗಿದೆ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಗೆದ್ದ ಹಾಗೆ ಕಾಣುತ್ತೆ, ಅದು ಸುಳ್ಳು. ಏಸ್‌ನ ತೊಟ್ಟಿಯಲ್ಲಿ ಒಂದು ಅಟ್ಟಕ್ಕೆ ಹದಿನಾರು ಬಾಕ್ಸು ಹಿಡಿಸುತ್ತೆ. ಎರಡು ಅಟ್ಟಕ್ಕೆ 32, ಮೂರನೆಯ ಅಟ್ಟ ತುಂಬುವ ಮೊದಲೇ ನಲವತ್ತನಾಲ್ಕು ಮುಗಿದುಹೋಗುತ್ತೆ. ಮೇಲೆ ನೋಡಿದರೆ ಬರೀ ಆಕಾಶ. ಅಷ್ಟು ಜಾಗ ಖಾಲಿ ಬಿಟ್ಟು ಹಗ್ಗ ಕಟ್ಟಲು ಯಾವ ರೈತನಿಗೂ ಕೈ ಬರಲ್ಲ. ದೊಡ್ಡ ಗಾಡಿ ಊರವರ ಲೋಡಿಗೆ ಎಳೆಯುತ್ತೆ ಅಂತ ನಾನು ಲೆಕ್ಕ ಹಾಕಿದ್ದೆ, ಚಿಕ್ಕ ಗಾಡಿ ಏನಕ್ಕೆ ಎಳೆಯುತ್ತೆ ಅಂತ ಹಾಕಿರಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ನನಗೆ ಜ್ವರ, ಕಾಯಿ 72 ಬಾಕ್ಸು ಬಂದಿತ್ತು. ಎರಡು ಟ್ರಿಪ್ಪು ಯಾಕೆ ಅಂತ ಯಜಮಾನರು ಒಂದಕ್ಕೇ ಪೇರಿಸಿದರು. 1,224 ಕೆಜಿ. ಕೆರೆ ಕಟ್ಟೆ ಹತ್ತುವಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗು ಕೈಗೆ ಸಿಗಲಿಲ್ಲವಂತೆ, ಗಾಳಿಯಲ್ಲಿ ತಿರುಗಿಸಿದ ಹಾಗಾಯಿತಂತೆ. ಮಾವನವರು ಹೇಳಿದ ಹಿಂಭಾರ ಅದೇ. ಹೇಗೋ ಹತ್ತಿ ಇಳಿಯುವಾಗ ಗುಂಡಿಗೆ ಬಿದ್ದು ಹಿಂದಿನ ಒಂದು ಸ್ಪ್ರಿಂಗ್ ಪ್ಲೇಟು ಕಟ್ಟಾಯಿತು. ತಪ್ಪು ಗಾಡಿಯದ್ದಲ್ಲ. ಟಾರು ರಸ್ತೆಗೆ ಹೋಗಿ ಸಿಕ್ಕಿಬಿದ್ದಿದ್ದರೆ ಓವರ್‌ಲೋಡಿಗೆ ದಂಡವೇ 20,000ದಿಂದ ಶುರು, ಅದರ ಮೇಲೆ ಟನ್ನಿಗೆ ಎರಡೆರಡು ಸಾವಿರ. ನಮ್ಮ ಆ 72 ಬಾಕ್ಸಿನ ದುಡ್ಡೂ ಸಾಲುತ್ತಿರಲಿಲ್ಲ, ಆಗಿನ ರೇಟಿಗೆ.

ಆ ರಾತ್ರಿ ನಮ್ಮ ಬಾಕ್ಸು ಮಂಡಿ ಸೇರಿದ್ದು ಯಾವುದರಲ್ಲಿ ಅಂತೀರಿ? ದಾಯಾದಿ ಭಾವನ ಪಿಕಪ್ಪಿನಲ್ಲಿ. ಕರೆದ ಹತ್ತು ನಿಮಿಷಕ್ಕೆ ಬಂದರು, ಲುಂಗಿಯಲ್ಲೇ. ಬಾಡಿಗೆ ಬೇಡ ಅಂದರು. ನಾನು ಮಾರನೆಯ ದಿನ ಅವರ ಮನೆಗೆ ಹೋಗಿ ಬಾಕ್ಸಿಗೆ ಹನ್ನೆರಡರಂತೆ 864 ರೂಪಾಯಿ ಅಕ್ಕನ ಕೈಗೆ ಕೊಟ್ಟು ಬಂದೆ. ಅವರ ಕಂತಿನ ತಾರೀಖು ಐದು ಅಂತ ನನಗೆ ಗೊತ್ತು.

ಪ್ಲೇಟು ಹಾಕಿಸಿಕೊಂಡು ಬಂದ ಮೇಲೆ ತೊಟ್ಟಿಯ ಹಿಂದಿನ ಡೋರಿನ ಒಳಮೈಗೆ ನೀಲಿ ಪೇಂಟಿನಲ್ಲಿ ದೊಡ್ಡದಾಗಿ 44 ಅಂತ ಬರೆದಿದ್ದೇನೆ. ಡೋರು ಇಳಿಸಿ ಲೋಡು ಮಾಡುವಾಗ ಅದು ನೆಲ ನೋಡುವುದಿಲ್ಲ, ಆಕಾಶ ನೋಡುತ್ತೆ, ಪೇರಿಸುವವರ ಕಣ್ಣಿಗೆ ಬೀಳಲೇಬೇಕು. ಇವತ್ತು ಮಧ್ಯಾಹ್ನ 49 ಬಾಕ್ಸು ಬಂದಿದೆ. ಯಜಮಾನರು ಆಗಲೇ ಎರಡು ಸಲ ಅಡುಗೆಮನೆ ಬಾಗಿಲಿಗೆ ಬಂದು, "ಬರೀ ಐದು ಕಣೇ" ಅಂದುಹೋದರು.