ಆರೂವರೆ ಸಾವಿರ ಕಿಲೋಮೀಟರಿಗೆ ಒಂದು ಜೊತೆ ಟೈರ್

ನನ್ನ ಬೈಕಿನ ಹಿಂದಿನ ಟೈರಿನಲ್ಲಿ ಇನ್ನೂ 5.5 ಮಿಲಿಮೀಟರ್ ಗ್ರಿಪ್, ಅಂದರೆ ಟೈರಿನ ಮೇಲಿನ ಗೆರೆಗಳ ಆಳ, ಇತ್ತು. ನೋಡಿದವರೆಲ್ಲ ಹೇಳಿದ್ದು ಒಂದೇ ಮಾತು, "ಚೆನ್ನಾಗೇ ಇದೆಯಲ್ಲ, ಇನ್ನೂ ಓಡುತ್ತೆ, ಯಾಕೆ ಸುಮ್ನೆ ತೆಗೀತೀರಾ?" ದಿನಾ ಕೆಲಸಕ್ಕೆ ಹೋಗಿ ಬರುವುದಷ್ಟೇ ಆಗಿದ್ದರೆ ನಾನೂ ತೆಗೆಯುತ್ತಿರಲಿಲ್ಲ. ಆದರೆ ನಮ್ಮ ಮುಂದಿದ್ದದ್ದು ಆರೂವರೆ ಸಾವಿರ ಕಿಲೋಮೀಟರ್ ದಾರಿ. ಹಿಂದಿನ ಸೀಟಿನಲ್ಲಿ ಹೆಂಡತಿ, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಮೇಲೊಂದು ಚೀಲ, ಮೊದಲರ್ಧ ಉರಿಬಿಸಿಲಿನ ಹೆದ್ದಾರಿ, ಕೊನೆಗೆ ಮಳೆ ಬಂದೇ ಬರುತ್ತದೆ ಅನ್ನುವಂಥ ಬೆಟ್ಟದ ತಿರುವುಗಳು.

ಲೆಕ್ಕ ಹಾಕಲು ಕೂತೆ. ಈ ಟೈರ್ ಎಷ್ಟು ಕಿಲೋಮೀಟರ್ ಬರುತ್ತೆ ಅಂತ ಬೇರೆಯವರನ್ನು ಕೇಳಿ ಪ್ರಯೋಜನ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಒಂದೇ ಟೈರಿಗೆ ಒಬ್ಬರು 20,000 ಅನ್ನುತ್ತಾರೆ, ಇನ್ನೊಬ್ಬರು 9,000 ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬರು ಒಂಟಿಯಾಗಿ, ನಿಧಾನಕ್ಕೆ, ನುಣುಪಾದ ರಸ್ತೆಯಲ್ಲಿ ಹೋಗುವವರು. ಇನ್ನೊಬ್ಬರು ಆಕ್ಸಿಲರೇಟರ್ ಜೋರಾಗಿ ತಿರುವುವವರು, ಗಾಳಿ ನೋಡದವರು. ಅಮೆರಿಕದಲ್ಲಿ ಮಾರುವ ಕಾರ್ ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಅಚ್ಚು ಹಾಕಿರುತ್ತಾರೆ, ಎಷ್ಟು ಬಾಳಿಕೆ ಬರಬಹುದು ಅಂತ ಹೋಲಿಸಿ ನೋಡಲು. ಬೈಕ್ ಟೈರಿಗೆ ಅದೂ ಇಲ್ಲ. ಕಂಪನಿಯವರು 'ಹೆಚ್ಚು ಬಾಳಿಕೆ' ಅಂದರೆ ಯಾವುದಕ್ಕಿಂತ ಹೆಚ್ಚು ಅಂತ ಕೇಳಬೇಕು. ಸಾಮಾನ್ಯವಾಗಿ ಅವರದೇ ಹಳೆಯ ಟೈರಿಗಿಂತ.

ಹಾಗಾಗಿ ನಂಬಬಹುದಾದದ್ದು ನನ್ನ ಗಾಡಿಯಲ್ಲೇ ಸವೆದ ಟೈರನ್ನು. ಹಾಕಿಸಿದಾಗ ಅಳೆದು ಬರೆದಿಟ್ಟಿದ್ದೆ, ನಡುವೆ 8 ಮಿಲಿಮೀಟರ್. 5,000 ಕಿ.ಮೀ. ಓಡಿ 5.5 ಉಳಿದಿದೆ. ಅಂದರೆ ಸಾವಿರ ಕಿಲೋಮೀಟರಿಗೆ ಅರ್ಧ ಮಿಲಿಮೀಟರ್. ಬ್ರಿಟನ್ನಿನ ಕಾನೂನು 1 ಮಿಲಿಮೀಟರ್‌ವರೆಗೆ ಬಿಡುತ್ತದೆ, ಜರ್ಮನಿಯಲ್ಲಿ 1.6. ನಾನು 2ಕ್ಕೆ ನಿಲ್ಲಿಸುತ್ತೇನೆ, ಯಾಕೆಂದರೆ ಅದಕ್ಕಿಂತ ಕೆಳಗೆ ಹೋದ ಟೈರು ಒಣ ರಸ್ತೆಯಲ್ಲಿ ಏನೂ ತೋರಿಸಿಕೊಳ್ಳದೆ ಓಡುತ್ತದೆ, ಮೊದಲ ಮಳೆಯಲ್ಲಿ ಬುದ್ಧಿ ಕಲಿಸುತ್ತದೆ. ಹಾಗಾದರೆ ಉಳಿದದ್ದು 3.5 ಮಿಲಿಮೀಟರ್, ಅಂದರೆ 7,000 ಕಿ.ಮೀ. ಕಾಗದದ ಮೇಲೆ ಸಾಕು!

ಆದರೆ ಆ ಅರ್ಧ ಮಿಲಿಮೀಟರ್ ಅನ್ನುವುದು ಹೆಚ್ಚಾಗಿ ನಾನೊಬ್ಬನೇ ಖಾಲಿ ಗಾಡಿಯಲ್ಲಿ ಓಡಾಡಿದ ಲೆಕ್ಕ. ಭಾರ ಹೆಚ್ಚಾದರೆ ಟೈರ್ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಬಿಸಿ ರಬ್ಬರ್ ಬೇಗ ಸವೆಯುತ್ತದೆ. ಅದರ ಮೇಲೆ ಬಿಸಿಲು, ಅದರ ಮೇಲೆ ಜಲ್ಲಿ ಮೇಲೆದ್ದ ಒರಟು ಡಾಂಬರು. 0.5 ಇದ್ದದ್ದು 0.7 ಆಯಿತು ಅಂದುಕೊಳ್ಳಿ, ಪ್ರವಾಸ ಮುಗಿಯುವಾಗ ಉಳಿಯುವುದು 1 ಮಿಲಿಮೀಟರಿಗಿಂತ ಕಡಿಮೆ. ಅದೂ ಯಾವಾಗ? ಬೆಟ್ಟ ಇಳಿಯುವಾಗ, ಮಳೆಯಲ್ಲಿ. ಟೈರ್ ಅತಿ ಕೆಟ್ಟದಾಗಿರುವ ಹೊತ್ತಿಗೆ ರಸ್ತೆಯೂ ಅತಿ ಕೆಟ್ಟದಾಗಿರುತ್ತದೆ. ಅಲ್ಲಿಂದಾಚೆ ನಾನು ಟೈರ್ ಆರಿಸಿದ್ದು ಒಂದೇ ಪ್ರಶ್ನೆ ಇಟ್ಟುಕೊಂಡು: ಕೊನೆಯ ಸಾವಿರ ಕಿಲೋಮೀಟರಿನಲ್ಲಿ ಇದು ಹೇಗಿರುತ್ತದೆ?

ನಡುದಾರಿಯಲ್ಲಿ ಬದಲಿಸಬಹುದಿತ್ತು, ನಿಜ. ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಅಂತ ಒಂದು ಸಂಘ ಇದೆ, 24 ಗಂಟೆಯಲ್ಲಿ 1,000 ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಓಡಿಸಿ ತೋರಿಸಿದವರಿಗೆ ಸರ್ಟಿಫಿಕೇಟ್ ಕೊಡುತ್ತದೆ. ಅವರ 11 ದಿನದ ರ‍್ಯಾಲಿಯಂಥದ್ದಕ್ಕೆ ಹೋಗುವವರು ಯಾವ ಊರಿನಲ್ಲಿ ಟೈರ್ ಹಾಕಿಸಬೇಕು ಅನ್ನುವುದನ್ನೂ ಮೊದಲೇ ಗೊತ್ತು ಮಾಡಿಕೊಂಡು ಹೊರಡುವುದುಂಟು. ನನಗೆ ಅಷ್ಟು ಶಿಸ್ತು ಬೇಡ. ರಜೆಯ ಒಂದು ದಿನವನ್ನು ಗೊತ್ತಿಲ್ಲದ ಊರಿನ ಟೈರ್ ಅಂಗಡಿಯ ಸ್ಟೂಲಿನ ಮೇಲೆ ಕಳೆಯುವುದು ಬೇಡ. ನನ್ನ ಗಾಡಿಯ 19 ಇಂಚಿನ ಮುಂದಿನ ಟೈರ್ ಎಲ್ಲಾ ಕಡೆ ಇಟ್ಟಿರುವುದೂ ಇಲ್ಲ.

ಜೊತೆಗೆ ಬರುವ ಗೆಳೆಯನದು ಬೇರೆಯೇ ವಾದ. ಅವನು ವರ್ಷಗಳಿಂದ ಒಂದೇ ಗಟ್ಟಿ ಟೈರ್ ಹಾಕಿಸುವವನು. "ಲೋ, ಇದು ಸವೆಯೋದೇ ಇಲ್ಲ ಕಣೋ, ಹಾಕಿಸು, ಮರೆತುಬಿಡು" ಅಂದ. ಸವೆಯುವುದಿಲ್ಲ ಅನ್ನುವುದು ನಿಜ, ಅವನ ಓಡೋಮೀಟರ್ ನಾನೇ ನೋಡಿದ್ದೇನೆ. ಆದರೆ ಅದೇ ಗಾಡಿಯನ್ನು ಒಂದು ಸಲ ಚಳಿ ಬೆಳಿಗ್ಗೆ, ತುಂತುರು ಮಳೆಯಲ್ಲಿ ಓಡಿಸಿದ್ದೆ. ತಿರುವಿನಲ್ಲಿ ರಸ್ತೆಗೆ ಬಳಿದ ಬಿಳಿ ಪಟ್ಟೆಯ ಮೇಲೆ ಹಿಂದಿನ ಚಕ್ರ ಸಲೀಸಾಗಿ ಪಕ್ಕಕ್ಕೆ ಸರಿಯಿತು. ಬೀಳಲಿಲ್ಲ. ಆದರೆ ಆಮೇಲೆ ಪ್ರತಿ ತಿರುವಿನಲ್ಲೂ ಹೊಟ್ಟೆಯಲ್ಲಿ ಒಂದು ಹಿಡಿತ. ಅವನಿಗೆ ಅದು ಅಭ್ಯಾಸವಾಗಿಬಿಟ್ಟಿದೆ, "ಮಳೆಯಲ್ಲಿ ನಿಧಾನ ಹೋಗಪ್ಪಾ, ಅಷ್ಟೇ" ಅನ್ನುತ್ತಾನೆ. ಒಬ್ಬನೇ ಆಗಿದ್ದರೆ ನಾನೂ ಒಪ್ಪಿಕೊಳ್ಳುತ್ತಿದ್ದೆನೇನೋ.

ಗಟ್ಟಿ ರಬ್ಬರ್ ಬೇಗ ಸವೆಯುವುದಿಲ್ಲ. ಆದರೆ ತಣ್ಣಗಿದ್ದಾಗ ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಅಂಟಿಕೊಳ್ಳುವುದೂ ಇಲ್ಲ. ಮೆತ್ತನೆಯದು ಅಂಟಿಕೊಳ್ಳುತ್ತದೆ, ಬೇಗ ಕರಗುತ್ತದೆ. ಈ ಜಗಳಕ್ಕೆ ಕಂಪನಿಗಳು ಹುಡುಕಿದ ದಾರಿ ಎಂದರೆ ಒಂದೇ ಟೈರಿನಲ್ಲಿ ಎರಡು ಕಾಂಪೌಂಡ್, ಅಂದರೆ ಎರಡು ಬಗೆಯ ರಬ್ಬರ್ ಮಿಶ್ರಣ: ನೇರ ಓಡುವ ನಡುಭಾಗಕ್ಕೆ ಗಟ್ಟಿ ರಬ್ಬರ್, ತಿರುವಿನಲ್ಲಿ ವಾಲಿದಾಗ ನೆಲ ಮುಟ್ಟುವ ಅಂಚುಗಳಿಗೆ ಮೆತ್ತನೆಯದು. ಮಿಷೆಲಿನ್, ಪಿರೆಲ್ಲಿ, ಮೆಟ್ಜೆಲರ್ ಎಲ್ಲರ ಟೂರಿಂಗ್ ಟೈರುಗಳಲ್ಲೂ, ಅಂದರೆ ದೂರ ಪ್ರಯಾಣಕ್ಕೆಂದೇ ಮಾಡಿದವುಗಳಲ್ಲೂ, ಇಂಥವು ಇವೆ. ರಬ್ಬರಿನಲ್ಲಿ ಸಿಲಿಕಾ ಬೆರೆಸಿದರೆ ಒದ್ದೆ ರಸ್ತೆಯಲ್ಲಿ ಹಿಡಿತ ಚೆನ್ನಾಗಿರುತ್ತದೆ. ಹೆದ್ದಾರಿಯಲ್ಲೇ ಜಾಸ್ತಿ ಓಡಿದ ಹಿಂದಿನ ಟೈರ್ ನಡುವೆ ಚಪ್ಪಟೆಯಾಗಿಬಿಡುತ್ತದೆ, ಗೊತ್ತಲ್ಲ. ಆಮೇಲೆ ತಿರುವಿಗೆ ವಾಲಿಸಿದರೆ ಗಾಡಿ ಮೊದಲು ಹಟ ಮಾಡುತ್ತದೆ, ಆ ಚೌಕ ಅಂಚು ದಾಟಿದ ಕೂಡಲೇ ದಬಕ್ಕನೆ ವಾಲುತ್ತದೆ. ನಡುಭಾಗ ಗಟ್ಟಿಯಾಗಿದ್ದರೆ ಈ ಚಪ್ಪಟೆಯಾಗುವುದು ತಡವಾಗುತ್ತದೆ. ನಮ್ಮ ದಾರಿಯಲ್ಲಿ ಮೊದಲು ನಾಲ್ಕು ಸಾವಿರ ಕಿ.ಮೀ. ನೇರ, ಆಮೇಲೆ ತಿರುವು. ಇಂಥದ್ದೇ ಬೇಕಿತ್ತು.

ದೊಡ್ಡ ದೊಡ್ಡ ಬಟನ್, ಅಂದರೆ ಉಬ್ಬಿದ ರಬ್ಬರ್ ತುಂಡುಗಳು, ಇರುವ ಅಡ್ವೆಂಚರ್ ಟೈರ್ ನೋಡಲು ಚೆಂದ. ಫೋಟೋದಲ್ಲಿ ಇನ್ನೂ ಚೆಂದ! ಅರ್ಧ ದಾರಿ ಮಣ್ಣಿನಲ್ಲಿ ಹೋಗುವವರು ಅದನ್ನೇ ಹಾಕಿಸಬೇಕು. ನಮಗೆ ಮಣ್ಣಿನ ದಾರಿ ಅಂತ ಇದ್ದದ್ದು ಎಲ್ಲಾ ಸೇರಿ ಇನ್ನೂರು ಕಿ.ಮೀ. ಇರಬಹುದು. ಅಷ್ಟಕ್ಕಾಗಿ ಉಳಿದ 6,300 ಕಿ.ಮೀ. ಗೂಂಯ್ ಅನ್ನುವ ಸದ್ದು ಕೇಳಿಕೊಂಡು, ಟಾರಿನ ಮೇಲೆ ಬಟನ್ ಅಲುಗಾಡುವುದನ್ನು ಸಹಿಸಿಕೊಂಡು ಹೋಗುವುದು ನನಗೆ ಬೇಡವಾಗಿತ್ತು. ಇನ್ನೊಂದು ದಾರಿಯೂ ಇದೆ, ದೂರ ಓಡಿಸುವ ಕೆಲವರು ಹಿಂದಿನ ಚಕ್ರಕ್ಕೆ ಕಾರಿನ ಟೈರನ್ನೇ ಹಾಕುತ್ತಾರೆ. ತಮಾಷೆಯಲ್ಲ. ಬಾಳಿಕೆ ದುಪ್ಪಟ್ಟಿಗಿಂತ ಜಾಸ್ತಿ ಬಂತು ಅನ್ನುವವರಿದ್ದಾರೆ. ಆದರೆ ಕಾರಿನ ಟೈರ್ ಚಪ್ಪಟೆ, ವಾಲಿದಾಗ ಅಂಚಿನ ಮೇಲೆ ನಿಲ್ಲುತ್ತದೆ. ರಿಮ್ಮಿಗೆ ಕೂರುವ ಅದರ ಅಂಚಿನ ಆಕಾರವೂ ಬೇರೆ. ಟೈರ್ ಕಂಪನಿಗಳೇ ಬೇಡ ಅನ್ನುವುದನ್ನು ಹೆಂಡತಿಯನ್ನು ಕೂರಿಸಿಕೊಂಡು ಪ್ರಯೋಗ ಮಾಡುವಷ್ಟು ಧೈರ್ಯ ನನಗಿಲ್ಲ.

ಕೊನೆಗೆ ಒಂದು ಟೂರಿಂಗ್ ಟೈರ್ ಆರಿಸಿದೆ. ಹೆಸರು ಹೇಳಿದರೆ ಜಾಹೀರಾತು ಆಗುತ್ತದೆ, ಬಿಡಿ.

ಮುಂದಿನ ಟೈರಿನ ಕಥೆ ಚಿಕ್ಕದು. ಗ್ರಿಪ್ ಧಾರಾಳವಾಗಿತ್ತು, ಆದರೆ ಅದು ಗಾಡಿಯ ಜೊತೆಗೇ ಬಂದದ್ದು, ಆರು ವರ್ಷ ದಾಟಿತ್ತು. ಬಟನ್‌ಗಳ ಒಂದು ಅಂಚು ಎತ್ತರ, ಒಂದು ತಗ್ಗು. ಕೈಯಾಡಿಸಿದರೆ ಗರಗಸದ ಹಲ್ಲು ಮುಟ್ಟಿದ ಹಾಗೆ. ಬ್ರೇಕ್ ಹಿಡಿದೂ ಹಿಡಿದೂ ಮುಂದಿನ ಟೈರ್ ಹೀಗಾಗುತ್ತದೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ಹತ್ತು ವರ್ಷಕ್ಕೆ ಹೇಗೇ ಇದ್ದರೂ ತೆಗೆಯಿರಿ ಅನ್ನುವುದು ಮಿಷೆಲಿನ್‌ನಂಥ ಕಂಪನಿಯ ಸಲಹೆ. ನಾನು ಹತ್ತರವರೆಗೆ ಕಾಯಲು ಹೋಗಲಿಲ್ಲ. "ಹಾಕಿಸೋದೇ ಆದ್ರೆ ಎರಡೂ ಹಾಕಿಸಿಬಿಡಿ, ದಾರಿಯುದ್ದಕ್ಕೂ ನಿಮ್ಮ ಗೊಣಗಾಟ ಕೇಳೋಕಾಗಲ್ಲ" ಅಂತ ಮನೆಯಲ್ಲೂ ತೀರ್ಪು ಬಂತು.

ಅಂಗಡಿಯಲ್ಲಿ ಟೈರ್ ಒಳಗಿಂದ ತಂದ ತಕ್ಷಣ ನಾನು ಮಾಡಿದ್ದು ಪಕ್ಕದಲ್ಲಿರುವ ಅಂಕಿ ಹುಡುಕುವುದು. ಡಿಒಟಿ ಅನ್ನುವ ಅಕ್ಷರಗಳ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 1124 ಅಂದರೆ 2024ರ 11ನೇ ವಾರ ತಯಾರಾದದ್ದು. ಮೊದಲು ತಂದದ್ದು ನಾಲ್ಕು ವರ್ಷ ಹಳೆಯದು. "ಹೊಸದೇ ಸರ್, ಸ್ಟಿಕ್ಕರ್ ಕೂಡ ಕಿತ್ತಿಲ್ಲ ನೋಡಿ" ಅಂದ ಹುಡುಗ. ಸ್ಟಿಕ್ಕರ್ ಹೊಸದೇ ಇತ್ತು. ನೆರಳಲ್ಲಿ ಸರಿಯಾಗಿ ಇಟ್ಟ ಟೈರ್ ಒಂದೆರಡು ವರ್ಷ ಹಳೆಯದಾದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ನಾಲ್ಕು ಯಾಕೋ ಜಾಸ್ತಿ ಅನಿಸಿತು. ಬೇರೆಯದು ತರಿಸಿಕೊಟ್ಟರು, ಮೂರು ದಿನ ಕಾದೆ.

ಅಳತೆಯ ಪಕ್ಕದಲ್ಲಿರುವ ಇನ್ನೊಂದು ಸಂಖ್ಯೆಯನ್ನು ಎಷ್ಟೋ ಜನ ಓದುವುದೇ ಇಲ್ಲ. ನನ್ನ ಹಿಂದಿನ ಟೈರ್ 150/70 ಆರ್ 17, ಅದರ ಮುಂದೆ 69ವಿ. ಆ 69 ಅನ್ನುವುದು ಭಾರದ ಸೂಚಿ, ಅಂದರೆ ಆ ಒಂದು ಟೈರ್ 325 ಕೆ.ಜಿ. ಹೊರಬಲ್ಲದು. ವಿ ಅಂದರೆ ಗಂಟೆಗೆ 240 ಕಿ.ಮೀ.ವರೆಗಿನ ವೇಗಕ್ಕೆ ಸರಿ. ಆ ವೇಗ ನನಗೆ ಯಾವ ಕಾಲಕ್ಕೂ ಬೇಡ, ಆದರೆ ಭಾರದ ಸೂಚಿ ಮಾತ್ರ ಗಾಡಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಲೇಬಾರದು, ಅದರಲ್ಲೂ ಇಬ್ಬರು ಕೂತು ಮನೆಯನ್ನೇ ಹೇರಿಕೊಂಡು ಹೊರಡುವಾಗ. ತಿರುಗುವ ದಿಕ್ಕಿನ ಬಾಣ ನೋಡಿದೆ, ವಾಲ್ವ್ ಹೊಸದು ಹಾಕಿಸಿದೆ, ಬ್ಯಾಲೆನ್ಸಿಂಗ್ ಮಾಡಿಸಿದೆ. ವಾಲ್ವ್ ಸಣ್ಣ ವಸ್ತು, ಆದರೆ ಹಳೆಯ ರಬ್ಬರ್ ವಾಲ್ವ್ ಬುಡದಲ್ಲಿ ಬಿರುಕು ಬಿಟ್ಟರೆ ಹೊಸ ಟೈರ್ ಇದ್ದೂ ನಿಂತಲ್ಲೇ ನಿಲ್ಲಬೇಕಾಗುತ್ತದೆ.

ಹೊಸ ಟೈರ್ ಮೊದಲ ನೂರೈವತ್ತು ಕಿ.ಮೀ. ಜಾರುತ್ತದೆ. ಹಾಗಾಗಿ ಹೊರಡುವ ಮೊದಲೇ ಒಂದು ಭಾನುವಾರ ಖಾಲಿ ಗಾಡಿಯಲ್ಲಿ ಸುತ್ತಾಡಿ, ಸ್ವಲ್ಪ ಸ್ವಲ್ಪವೇ ಹೆಚ್ಚು ವಾಲಿಸುತ್ತಾ, ಮೇಲಿನ ಹೊಳಪು ಹೋಗುವವರೆಗೆ ಉಜ್ಜಿದೆ. ಪೆಟ್ಟಿಗೆ ಕಟ್ಟಿ, ಹೆಂಡತಿಯನ್ನು ಕೂರಿಸಿ, ಹೊಚ್ಚ ಹೊಸ ಟೈರಿನಲ್ಲಿ ಬೆಳಗಿನ ಜಾವ ಮೊದಲ ತಿರುವು ತೆಗೆದುಕೊಳ್ಳುವವರನ್ನು ಕಂಡರೆ ನನಗೆ ಭಯ.

ದಾರಿಯಲ್ಲಿ ಬಾಳಿಕೆಗಾಗಿ ನಾನು ಮಾಡಿದ್ದು ಒಂದೇ ಕೆಲಸ, ದಿನಾ ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಗಾಳಿ ನೋಡುವುದು. ಇಬ್ಬರು ಮತ್ತು ಲಗೇಜಿಗೆ ನನ್ನ ಗಾಡಿಯ ಪುಸ್ತಕ ಹೇಳುವುದು ಮುಂದೆ 36, ಹಿಂದೆ 42 ಪಿಎಸ್‌ಐ. ಗಾಳಿ ಕಡಿಮೆ ಇದ್ದರೆ ಟೈರ್ ಬಿಸಿಯಾಗಿ ಸವೆಯುತ್ತದೆ, ಹೆಚ್ಚಾದರೆ ನಡುಭಾಗವೊಂದೇ ಸವೆಯುತ್ತದೆ. ಗೆಳೆಯ ಪೆಟ್ರೋಲ್ ಹಾಕಿಸುವಾಗ, ಟೈರ್ ಕೆಂಡದಂತಿರುವಾಗ ನೋಡಿ, "ಗಾಳಿ ಜಾಸ್ತಿ ಆಗಿದೆ" ಅಂತ ಒಂದಿಷ್ಟು ಹೊರಗೆ ಬಿಡುವವನು. ಬೆಳಿಗ್ಗೆ ಅದು ನಾಲ್ಕೈದು ಪಿಎಸ್‌ಐ ಕಡಿಮೆ ತೋರಿಸುತ್ತಿತ್ತು. ಇಷ್ಟು ಗಾಳಿ ಇರುವ ಟೈರಿನಲ್ಲಿ ಹತ್ತು ಡಿಗ್ರಿ ತಾಪಮಾನ ಬದಲಾದರೆ ಹೆಚ್ಚುಕಡಿಮೆ 2 ಪಿಎಸ್‌ಐ ಏರುಪೇರು ಸಹಜ, ಓಡುತ್ತಾ ಬಿಸಿಯಾದಾಗ ಇನ್ನೂ ಜಾಸ್ತಿ. ಹೇಳಿ ಹೇಳಿ ಸಾಕಾಗಿ ಕೊನೆಕೊನೆಗೆ ಬೆಳಿಗ್ಗೆ ನಾನೇ ಅವನ ಗಾಡಿಗೂ ಪಂಪ್ ಒತ್ತತೊಡಗಿದೆ. ಜೇಬಿನಲ್ಲಿಡುವ ಗೇಜ್, ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಪಂಪ್, ಟ್ಯೂಬ್‌ಲೆಸ್ ಪಂಚರ್ ಕಿಟ್, ಇವಿಷ್ಟೂ ಸೀಟಿನ ಕೆಳಗೆ ಹಿಡಿಯುತ್ತವೆ.

ಮಳೆ ಲೆಕ್ಕದಂತೆಯೇ ಬಂತು, ಕೊನೆಯ ಮೂರು ದಿನ. ಇಳಿಜಾರಿನ ತಿರುವುಗಳಲ್ಲಿ ರಸ್ತೆಯ ಮೇಲೆ ಎಲೆ, ಕೆಸರು, ಹರಿಯುವ ನೀರು. ನಮ್ಮ ಗಾಡಿ ಜಾರಲೇ ಇಲ್ಲ ಅಂತ ಹೇಳುವುದಿಲ್ಲ, ಕೆಸರಿನಲ್ಲಿ ಒಂದೆರಡು ಕಡೆ ಸೊಂಟ ಕುಣಿಸಿತು. ಆದರೆ ಒದ್ದೆ ಟಾರಿನ ಮೇಲೆ ಮಾತ್ರ ನಂಬಿಕೆ ಕೆಡಿಸಲಿಲ್ಲ. ಹಿಂದೆ ಕೂತವಳು ಭುಜ ಹಿಂಡದೆ ಸುಮ್ಮನೆ ಮಾತಾಡುತ್ತಲೇ ಇದ್ದಳು, ನನಗೆ ಅದಕ್ಕಿಂತ ಒಳ್ಳೆಯ ಗೇಜ್ ಇಲ್ಲ. ಗೆಳೆಯ ನಮಗಿಂತ ಒಂದು ಗಂಟೆ ತಡವಾಗಿ ಇಳಿದ, ಕೈ ನೋಯುತ್ತಿದೆ ಅಂದ, ಟೈರಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ವಾಪಸ್ ಬಂದು ಗಾಡಿ ತೊಳೆದ ಮೇಲೆ ಅಳೆದೆ. ಹಿಂದೆ ನಡುವೆ 8 ಇದ್ದದ್ದು 3.8ಕ್ಕೆ ಇಳಿದಿದೆ, ಅಂದರೆ ಸಾವಿರಕ್ಕೆ ಸುಮಾರು 0.65, ನನ್ನ ಕೆಟ್ಟ ಅಂದಾಜಿಗೆ ಹತ್ತಿರ. ಅಂಚುಗಳಲ್ಲಿ ಅಷ್ಟೇನೂ ಸವೆದಿಲ್ಲ. ನಡುವೆ ತುಸು ಚಪ್ಪಟೆ ಕಾಣುತ್ತದೆ, ಓಡಿಸುವಾಗ ಇನ್ನೂ ಗೊತ್ತಾಗುವುದಿಲ್ಲ. ಮುಂದಿನದರಲ್ಲಿ ಅಳೆಯಲು ಬೇಜಾರಾಗುವಷ್ಟು ಉಳಿದಿದೆ. ಗೆಳೆಯನ ಟೈರ್ ಒಂದು ಮಿಲಿಮೀಟರ್ ಕೂಡ ಸವೆದಿರಲಿಲ್ಲ, ಫೋಟೋ ತೆಗೆದು ಕಳಿಸಿದ, ಕೆಳಗೆ "ನೋಡಿದ್ಯಾ?" ಅಂತ ಬರೆದಿದ್ದ. ನೋಡಿದೆ ಅಂತ ಉತ್ತರ ಕೊಟ್ಟೆ. ಹಿಂದಿನ ಟೈರ್ ಇನ್ನೊಂದು ಮೂರು ಸಾವಿರ ಕಿ.ಮೀ. ದಿನದ ಓಡಾಟಕ್ಕೆ ಸಾಕು, ಆಮೇಲೆ ಅದೇ ಟೈರ್ ಮತ್ತೆ ಹಾಕಿಸುತ್ತೇನೆ.